ಅಂಗೈಗೆ ಬಾರದ ಹಕ್ಕಿಗಳು

ಆ ಊರಿನ ಆಕಾಶದಲ್ಲಿ ಹಕ್ಕಿಗಳಿರಲಿಲ್ಲ. ಒಂದು ಕಡೆ ಬೋಳು ಬಂಡೆ, ಉಳಿದೆಲ್ಲ ಕಡೆ ಉಪ್ಪಿನ ಆಗರ, ನಡುವೆ ಬಿಳಿ ಗೋಡೆಗಳ ಊರು. ಕೂರಲು ಒಂದು ಕೊಂಬೆಯಿಲ್ಲದ ಊರಿಗೆ ಹಕ್ಕಿ ಯಾಕೆ ಇಳಿದೀತು? ಕಾಗೆ ಕೂಡ ಆ ಊರನ್ನು ದಾಟಿಕೊಂಡು ಹೋಗುತ್ತಿತ್ತು.

ಊರಿಗೆಂದು ಇದ್ದ ಹಕ್ಕಿಗಳೆಲ್ಲ ಬಂಡೆಯ ಬುಡದ ತೋಟದಲ್ಲಿದ್ದವು. ತೋಟಕ್ಕೆ ಎತ್ತರದ ಗೋಡೆ, ಗೋಡೆಯಿಂದ ಗೋಡೆಗೆ ಮೇಲೆ ಹಾಸಿದ ಬಲೆ. ಹಿಂದೆ ಯಾವ ಕಾಲದಲ್ಲೋ ದೋಣಿಯವರು ದೂರದ ದ್ವೀಪಗಳಿಂದ ಹಿಡಿದು ತಂದ ಹಕ್ಕಿಗಳ ಮಕ್ಕಳು ಮರಿಗಳು ಅವು. ಬೆಂಕಿಯ ಬಣ್ಣದ ದೊಡ್ಡ ಗಿಳಿಗಳು, ಕೋಪ ಬಂದಾಗ ತಲೆಯ ತುರಾಯಿ ಬಿಚ್ಚುವ ಬಿಳಿಯವು, ದೋಣಿಯಂಥ ಕೊಕ್ಕಿನವು, ಬಾಲವನ್ನು ನೆಲದುದ್ದ ಎಳೆದುಕೊಂಡು ನಡೆಯುವ ನೀಲಿಯವು. ಅವುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಸರು ಕೇಳಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಊರಿಗೆ ಒಂದು ಕಟ್ಟಳೆಯಿತ್ತು. ಉಪ್ಪು ರಾಶಿ ಹಾಕಿದ ಮೇಲೆ ಬರುವ ಅಂಗೈ ಹಬ್ಬದ ದಿನ ಊರಿನ ದೊಡ್ಡವರೆಲ್ಲ ತೋಟಕ್ಕೆ ಹೋಗಬೇಕು. ತೋಟದ ನಡುವಿನ ಕಟ್ಟೆಯ ಮೇಲೆ ಒಬ್ಬೊಬ್ಬರೇ ನಿಂತು, ಅಂಗೈಯಲ್ಲಿ ಒಂದು ಚಿಟಿಕೆ ಕಾಳು ಹಿಡಿದು, ಕೈ ಚಾಚಬೇಕು. ಆಗ ಸುತ್ತಲಿನ ಪಂಜರಗಳಲ್ಲಿ ಒಂದರ ಬಾಗಿಲು ತೆರೆಯುತ್ತದೆ. ಪಂಜರದ ಬಾಯಿಂದ ಕಟ್ಟೆಯವರೆಗೆ ಒಂದು ಬಿದಿರು. ಹಕ್ಕಿ ಆ ಬಿದಿರಿನ ಮೇಲೆ ನಡೆದು ಬಂದು ಕೈಮೇಲೆ ಕೂತರೆ, ಜಾಗಟೆಯವನು ಜಾಗಟೆ ಬಾರಿಸಿ, "ಕೂತಿತು" ಎಂದು ಕೂಗುತ್ತಾನೆ. ಅಲ್ಲಿಂದ ಮುಂದಿನ ಹಬ್ಬದವರೆಗೆ ಆ ಮನುಷ್ಯನ ಮಾತು ಊರಿನಲ್ಲಿ ನಿಲ್ಲುತ್ತದೆ. ಅವನು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಹಕ್ಕಿ ಸತ್ಯವಂತರ ಕೈಗೆ ಮಾತ್ರ ಬರುತ್ತದೆಂದು ಊರು ನಂಬಿತ್ತು.

ಹಕ್ಕಿ ಬರದಿದ್ದರೆ, "ಕೂರಲಿಲ್ಲ." ಅಲ್ಲಿಗೆ ಆ ಮನುಷ್ಯನ ಮಾತು ಮುಗಿಯಿತು. ಅವನ ಸಾಕ್ಷಿ ಸಾಕ್ಷಿಯಲ್ಲ, ಅವನ ದೂರು ದೂರಲ್ಲ. ಬೀದಿಯಲ್ಲಿ ಅವನು ಏನಾದರೂ ಕೇಳಿದರೆ ಜನ ಗಾಳಿ ಬೀಸಿತೆಂಬಂತೆ ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ಕಟ್ಟೆ ಹತ್ತುವವರ ಅಂಗೈಗೆ ಕಾಳು ಹಾಕುವ ಕೆಲಸ ಒಂದು ಮನೆತನದ್ದು. ಆ ಮನೆಯ ಸೊಸೆಯ ಕಥೆ ಇದು. ಊರು ಅವಳನ್ನು ಕಾಳಿನವಳು ಎನ್ನುತ್ತಿತ್ತು.

ಕಾಳಿನವಳು ಬೇರೆ ಸೀಮೆಯಿಂದ ಮದುವೆಯಾಗಿ ಬಂದವಳು. ಅವಳ ತವರಿನಲ್ಲಿ ಗುಬ್ಬಿಗಳು ಸೂರಿನ ಸಂದಿಯಲ್ಲಿ ಗೂಡು ಕಟ್ಟಿ, ಅಕ್ಕಿ ಆರಿಸುವವರ ಮೊರದ ಅಂಚಿಗೆ ಬಂದು ಜಗಳವಾಡಿ ಹೋಗುತ್ತಿದ್ದವು. ಅವನ್ನು ಯಾರೂ ಕರೆಯುತ್ತಿರಲಿಲ್ಲ, ಅವುಗಳಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಗಂಡ ಉಪ್ಪಿನ ದೋಣಿಯ ಜೊತೆ ಹೋದವನು ತಿರುಗಿ ಬರಲಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಕಾಳಿನ ಬುಟ್ಟಿಯನ್ನೂ ಕಣಜದ ಬೀಗದ ಕೈಯನ್ನೂ ಸೊಸೆಯ ಮಡಿಲಿಗೆ ಹಾಕಿ, ಕೆಲಸವನ್ನು ಹೇಳಿಕೊಟ್ಟಳು. ಹೇಳಿಕೊಡಲು ಹೆಚ್ಚೇನೂ ಇರಲಿಲ್ಲ. "ಬೆಳಿಗ್ಗೆ ಹಕ್ಕಿಗೆ ಕಾಳು ಹಾಕಬೇಡ. ಜನ ಬಂದಮೇಲೆ ಅವರ ಕೈಯಲ್ಲಿ ತಿನ್ನಲಿ. ಹಬ್ಬದ ಹಿಂದಿನ ದಿನ ನೀರು ಬಿಟ್ಟರೆ ಬೇರೇನೂ ಇಡಬೇಡ." ಅಷ್ಟು ಹೇಳಿ ಅತ್ತೆ ಗೋಡೆಯ ಕಡೆ ಮಗ್ಗುಲಾದಳು.

ಹಬ್ಬ ವರ್ಷಕ್ಕೊಂದು ದಿನವಾದರೂ ತೋಟಕ್ಕೆ ದಿನಾಲೂ ಜನ. ದೂರದ ಊರುಗಳಿಂದ ದೋಣಿಗಳಲ್ಲಿ ಬರುತ್ತಿದ್ದರು, ಹೊಸ ಬಟ್ಟೆ ಉಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಕಾಳಿನವಳು ಅಂಗೈಗೆ ಕಾಳು ಹಾಕಿದ ಕೂಡಲೇ ಹಕ್ಕಿಗಳು ಕೈಗೆ, ಭುಜಕ್ಕೆ, ತಲೆಗೆ ಹತ್ತುತ್ತಿದ್ದವು. ಬಂದವರು ಕಿಲಕಿಲ ನಗುತ್ತಿದ್ದರು. ಹಾಗೇ ಅಲುಗಾಡದೆ ನಿಂತು ಚಿತ್ರ ಬರೆಸಿಕೊಳ್ಳುತ್ತಿದ್ದರು. "ನೋಡು, ನೋಡು, ಎಷ್ಟು ಬೇಗ ನನ್ನ ಹಚ್ಚಿಕೊಂಡುಬಿಡ್ತು," ಎನ್ನುತ್ತಿದ್ದರು. ಕಾಳಿನವಳು ಈ ಮಾತನ್ನು ದಿನವೂ ಕೇಳುತ್ತಿದ್ದಳು. ಹಕ್ಕಿಯ ಎದೆಯ ಮೂಳೆ ದೋಣಿಯ ಅಡಿಮರದಂತೆ ಚೂಪಾಗಿ ಎದ್ದಿರುವುದು ಅವಳ ಬೆರಳಿಗೆ ಗೊತ್ತಿತ್ತು. ಆದರೆ ನಗುವವರ ಮುಖ ನೋಡಿದರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅವರು ನಿಜವಾಗಿಯೂ ಸಂತೋಷಪಡುತ್ತಿದ್ದರು.

ತೋಟದ ಹಿಂಭಾಗದಲ್ಲಿ, ಚಾಪೆಯ ಮರೆಯಲ್ಲಿ, ಇನ್ನೊಂದು ಸಾಲು ಪಂಜರಗಳಿದ್ದವು. ಬಂದವರಿಗೆ ಅವನ್ನು ತೋರಿಸುತ್ತಿರಲಿಲ್ಲ. ತಮ್ಮ ಎದೆಯ ಗರಿಯನ್ನು ತಾವೇ ಕಿತ್ತುಕೊಂಡ ಹಕ್ಕಿಗಳು ಅಲ್ಲಿದ್ದವು. ಬೆಂಕಿಯ ಬಣ್ಣದ್ದೊಂದು ಕೊರಳಿಂದ ಕಾಲಿನವರೆಗೆ ಬರಿ ಚರ್ಮವಾಗಿ, ಇಡೀ ದಿನ ಒಂದೇ ಕಂಬಿಯನ್ನು ಮೇಲೆ ಕೆಳಗೆ ಹತ್ತಿ ಇಳಿಯುತ್ತಿತ್ತು. ಬಿಳಿಯದೊಂದು ಮೂಲೆಗೆ ಮುಖ ಮಾಡಿ ತೂಗುತ್ತಲೇ ಇರುತ್ತಿತ್ತು. ಎಲ್ಲದರ ರೆಕ್ಕೆಯ ಉದ್ದ ಗರಿಗಳನ್ನೂ ಕತ್ತರಿಸಲಾಗಿತ್ತು. ಅದಕ್ಕೇ ಅವು ಬಿದಿರಿನ ಮೇಲೆ ನಡೆದು ಬರುತ್ತಿದ್ದವು. ಹಕ್ಕಿ ನಡೆದು ಬರುವುದನ್ನು ಊರಿನವರು ವಿನಯವೆಂದು ತಿಳಿದಿದ್ದರು.

ತೋಟದೊಡೆಯ ಮೆತ್ತಗೆ ಮಾತಾಡುವ ಮನುಷ್ಯ. ಯಾರಿಗೂ ಗದರಿಸಿದವನಲ್ಲ. ಹಬ್ಬದ ದಿನ ಅವನು ಕಟ್ಟೆಯ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಯಾರು ಕಟ್ಟೆ ಹತ್ತಿದಾಗ ಯಾವ ಪಂಜರ ತೆರೆಯಬೇಕೆಂಬುದನ್ನು ಆಳುಗಳಿಗೆ ಕಣ್ಣಲ್ಲೇ ಹೇಳುತ್ತಿದ್ದ. ಅದರಲ್ಲಿ ಯಾರಿಗೂ ಏನೂ ವಿಶೇಷ ಕಂಡಿರಲಿಲ್ಲ.

ಒಂದು ವರ್ಷ ಉಪ್ಪು ಹೊರುವವಳೊಬ್ಬಳು ಊರ ಕೂಟದಲ್ಲಿ ಎದ್ದು ನಿಂತಳು. ಅವಳು ಕಾಳಿನವಳ ಗೆಳತಿ. ಬೇರೆ ಸೀಮೆಯಿಂದ ಬಂದ ಸೊಸೆಗೆ ಈ ಊರಿನ ಉಪ್ಪುನೀರಿನಲ್ಲಿ ಬೇಳೆ ಬೇಯಿಸುವುದನ್ನು ಕಲಿಸಿದವಳು ಅವಳೇ. ಬಂಡೆಯ ಸಂದಿಯಿಂದ ಊರಿಗೆ ಬರುತ್ತಿದ್ದ ಸಿಹಿನೀರಿನ ಕಾಲುವೆ ಆಗರದ ಕೇರಿಗೆ ಬಂದು ಮುಟ್ಟುತ್ತಿಲ್ಲ, ತೋಟದವರು ಮೇಲೆಯೇ ಹಲಗೆ ಇಟ್ಟು ನೀರು ತಿರುಗಿಸಿಕೊಂಡಿದ್ದಾರೆ ಎಂದು ಅವಳು ಹೇಳಿದಳು. ಕೂಟದವರು ಒಡೆಯನ ಮುಖ ನೋಡಿದರು. ಒಡೆಯ ಮೆತ್ತಗೆ, ಹಬ್ಬ ಹತ್ತಿರವಾಯಿತು, ಹಬ್ಬ ಕಳೆಯಲಿ ಎಂದ.

ಆ ಹಬ್ಬದ ಬೆಳಿಗ್ಗೆ ಕಾಳಿನವಳು ತೋಟಕ್ಕೆ ಬಂದಾಗ ಒಡೆಯ ಆಗಲೇ ಅಲ್ಲಿದ್ದ. ಒಂದು ಪಂಜರದ ಮುಂದೆ ಕೂತು, ಬೆಂಕಿಯ ಬಣ್ಣದ ಹಕ್ಕಿಗೆ ಒಂದೊಂದೇ ಬಾದಾಮಿ ಒಡೆದು ತಿನ್ನಿಸುತ್ತಿದ್ದ. ಕರುಣೆ ಹುಟ್ಟಿತೇನೋ ಎಂದುಕೊಂಡಳು ಅವಳು. ಮಧ್ಯಾಹ್ನ ಉಪ್ಪು ಹೊರುವವಳು ಕಟ್ಟೆ ಹತ್ತಿ, ಉಪ್ಪು ತಿಂದು ಬಿರಿದ ಅಂಗೈ ಚಾಚಿದಾಗ ತೆರೆದದ್ದು ಆ ಪಂಜರದ ಬಾಗಿಲು. ಹಕ್ಕಿ ಬಿದಿರಿನ ತುದಿಗೆ ಬಂತು, ಅಂಗೈ ನೋಡಿತು, ಕೊಕ್ಕನ್ನು ಬಿದಿರಿಗೆ ಉಜ್ಜಿ ಒಳಗೆ ಹೋಯಿತು.

"ಕೂರಲಿಲ್ಲ," ಎಂದು ಜಾಗಟೆಯವನು ಕೂಗಿದ.

ಕಾಳಿನವಳ ಕೈಯಲ್ಲಿದ್ದ ಬುಟ್ಟಿ ಭಾರವಾಯಿತು. ಅವಳು ಒಡೆಯನ ಕಡೆ ನೋಡಿದಳು. ಒಡೆಯ ಮುಂದಿನವರನ್ನು ಕರೆಯಿರಿ ಎಂದು ಕೈಸನ್ನೆ ಮಾಡುತ್ತಿದ್ದ.

ಆ ವರ್ಷವೆಲ್ಲ ಉಪ್ಪು ಹೊರುವವಳು ಬಾಯಿದ್ದೂ ಮೂಗಿಯಂತೆ ತಿರುಗಿದಳು. ಅಂಗಡಿಯವನು ಅವಳು ಕೇಳಿದ್ದನ್ನು ಕೊಡುತ್ತಿರಲಿಲ್ಲ, ಅವಳು ಬೆರಳು ಮಾಡಿ ತೋರಿಸಬೇಕಾಗುತ್ತಿತ್ತು. ಮಳೆಗಾಲದ ಕೊನೆಗೆ ಅವಳ ಮಗಳಿಗೆ ಜ್ವರ ಏರಿತು. ಅವಳು ಮದ್ದು ಕೊಡುವವನ ಬಾಗಿಲಿಗೆ ಓಡಿದಳು. ಮದ್ದಿನವನು ಕೆಟ್ಟವನೇನಲ್ಲ. ಆದರೆ ಮಾತು ನಿಲ್ಲದವಳು ಜ್ವರವೆಂದರೆ ಅದು ಜ್ವರವೇ ಆಗಿರಬೇಕೆಂದೇನಿದೆ ಎಂದು, ಮಾತು ನಿಲ್ಲುವವರು ಯಾರಾದರೂ ಬಂದು ಹೇಳಲಿ ಎಂದು ಕಾದ. ಗಂಡ ಆಗರದಿಂದ ಬಂದು, ಹೋಗಿ ಹೇಳಿ, ಅವನನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು. ಮಗು ಉಳಿಯಿತು, ಕಿವಿ ಉಳಿಯಲಿಲ್ಲ.

ಕಾಳಿನವಳು ಆ ಮಗುವನ್ನು ನೋಡಿಕೊಂಡು ಬಂದವಳು ನೇರವಾಗಿ ಒಡೆಯನ ಮುಂದೆ ಹೋಗಿ ನಿಂತಳು. ಬಾದಾಮಿ ತಿನ್ನಿಸಿದ್ದನ್ನು ತಾನು ಕಂಡದ್ದಾಗಿ ಹೇಳಿದಳು. ಒಡೆಯ ನಿರಾಕರಿಸಲಿಲ್ಲ, ಸಿಟ್ಟಾಗಲೂ ಇಲ್ಲ. ಅವಳಿಗೆ ಕೂರಲು ಮಣೆ ಹಾಕಿಸಿದ. ಊರೆಂದಮೇಲೆ ಯಾರ ಮಾತು ನಡೆಯಬೇಕು, ಯಾರದು ನಡೆಯಬಾರದು ಎಂದು ಯಾರೋ ಒಬ್ಬರು ನೋಡಿಕೊಳ್ಳಬೇಕಾಗುತ್ತದೆ, ಅದನ್ನು ಮನುಷ್ಯ ಮಾಡಿದರೆ ಜಗಳ, ಹಕ್ಕಿ ಮಾಡಿದರೆ ಶಾಂತಿ ಎಂದು ವಿವರಿಸಿದ. ಹಕ್ಕಿಗಳಿಗೆ ಬೆಳಿಗ್ಗೆಯೇ ಹೊಟ್ಟೆ ತುಂಬಿಸಿದರೆ ಏನಾಗುತ್ತದೆ ಎಂದು ಅವಳು ಕೇಳಿದಳು.

"ಯಾರ ಕೈಗೂ ಬರೋದಿಲ್ಲ," ಎಂದ ಒಡೆಯ. "ದೋಣಿ ಮಾಡಿಕೊಂಡು ಬಂದವರು ಬರಿಗೈಲಿ ನಿಂತು ಏನು ನೋಡಬೇಕು ತಾಯಿ? ಹಕ್ಕಿ ಕೂತಾಗ ಅವರ ಮುಖ ಅರಳೋದನ್ನ ನೀನೇ ದಿನಾ ನೋಡ್ತೀಯಲ್ಲ. ಅಷ್ಟು ಜನರ ಸಂತೋಷದ ಮುಂದೆ ಒಂದು ಹೊತ್ತಿನ ಹಸಿವು ದೊಡ್ಡದಾ?"

ಕಾಳಿನವಳು ಎದ್ದುಬಂದಳು. ಬರುವಾಗ ಹಿಂದಿನ ಸಾಲಿನ ಪಂಜರಗಳ ಮುಂದೆ ನಿಂತಳು. ಗರಿಯಿಲ್ಲದ ಹಕ್ಕಿ ಕಂಬಿ ಹತ್ತಿ ಇಳಿಯುತ್ತಿತ್ತು. ಅವಳು ಕಂಬಿಯ ಮೇಲೆ ಬೆರಳಿಟ್ಟಳು. ಹಕ್ಕಿ ಬೆರಳನ್ನು ಬಳಸಿಕೊಂಡು ಹತ್ತಿತು, ಬಳಸಿಕೊಂಡು ಇಳಿಯಿತು. ಅದಕ್ಕೆ ಅವಳ ಬೆರಳು ಇನ್ನೊಂದು ಕಂಬಿಯಷ್ಟೇ ಆಗಿತ್ತು. ಇಷ್ಟು ವರ್ಷ ತಾನೂ ಈ ಪಂಜರದ ಒಂದು ಕಂಬಿಯಾಗಿಯೇ ನಿಂತಿದ್ದೆ ಎಂದು ಅವಳಿಗೆ ಅನ್ನಿಸಿತು. ಅವಳಿಗೆ ಅಳು ಬರಲಿಲ್ಲ.

ಮತ್ತೆ ಅಂಗೈ ಹಬ್ಬ ಬಂತು. ಹಿಂದಿನ ದಿನ ಒಡೆಯನ ಆಳುಗಳು ಎಂದಿನಂತೆ ತಟ್ಟೆಗಳನ್ನೆಲ್ಲ ಬೋರಲು ಹಾಕಿ ಹೋಗಿದ್ದರು. ಹಬ್ಬದ ಬೆಳಗ್ಗೆ, ಬಂಡೆಯ ಮೇಲೆ ಬಿಸಿಲು ಬೀಳುವ ಮುನ್ನ, ಕಾಳಿನವಳು ಬಂದು ಕಣಜದ ಬೀಗ ತೆಗೆದಳು. ನವಣೆ, ಸಜ್ಜೆ, ನೆನೆಸಿದ ಕಡಲೆ, ಸೂರ್ಯಕಾಂತಿ ಬೀಜ, ಒಡೆಯನ ಮನೆಯ ಬಾದಾಮಿ, ಬಾಳೆಹಣ್ಣಿನ ಗೊನೆ. ಕೈಗೆ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿದಳು. ತಟ್ಟೆಗಳನ್ನು ಮೇಲ್ಮುಖ ಮಾಡಿದಳು. ಮುಂದಿನ ಸಾಲಿಗೆ ಸುರಿದಳು, ನಡುವಿನ ಸಾಲಿಗೆ ಸುರಿದಳು, ಚಾಪೆ ಕಿತ್ತು ಹಾಕಿ ಹಿಂದಿನ ಸಾಲಿಗೂ ಸುರಿದಳು. ಹಕ್ಕಿಗಳು ಮೊದಲು ನಂಬಲಿಲ್ಲ. ಅವಳ ಅಂಗೈಯನ್ನೇ ನೋಡುತ್ತ ನಿಂತವು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಸರಿದು ನಿಂತಳು.

ಆಮೇಲೆ ಅವು ತಿಂದವು. ತೋಟದಲ್ಲಿ ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ತಿಂದು ಮುಗಿದಮೇಲೆ ಒಂದು ಹಕ್ಕಿ ಗಂಟಲಲ್ಲೇ ಏನೋ ಗೊಣಗಿತು, ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಕಾಳಿಗಾಗಿ ಕಿರುಚುವುದೊಂದೇ ಹಕ್ಕಿಯ ದನಿ ಎಂದುಕೊಂಡಿದ್ದಳು ಅವಳು. ಇವು ತಮ್ಮತಮ್ಮಲ್ಲೇ, ಯಾರಿಗೂ ಕೇಳಿಸಲೆಂದಲ್ಲದೆ, ಮಾತಾಡಿಕೊಳ್ಳುತ್ತಿದ್ದವು.

ಬಿಸಿಲೇರಿದಾಗ ಊರು ಬಂತು. ದೂರದ ಊರಿನವರೂ ಹಬ್ಬ ನೋಡಲು ಬಂದು ಗೋಡೆಗುಂಟ ಸಾಲಾಗಿ ನಿಂತರು. ಕಾಳಿನವಳು ಎಂದಿನಂತೆ ಕಟ್ಟೆಯ ಬದಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಮೊದಲು ಊರ ಹಿರಿಯ ಕಟ್ಟೆ ಹತ್ತಿದ. ಅವನು ನೆರೆತ ತಲೆಯ, ನೆಟ್ಟ ನಿಲುವಿನ ಮನುಷ್ಯ. ಅವನು ಕೈ ಚಾಚಿದ ಯಾವ ವರ್ಷವೂ ಹಕ್ಕಿ ಬರದೆ ಇದ್ದದ್ದಿಲ್ಲ. ಅವಳು ಅವನ ಅಂಗೈಗೆ ಕಾಳು ಹಾಕಿದಳು. ಪಂಜರದ ಬಾಗಿಲು ತೆರೆಯಿತು.

ಹಕ್ಕಿ ಬರಲಿಲ್ಲ.

ಹಿರಿಯ ಕೈಯನ್ನು ಇನ್ನಷ್ಟು ಚಾಚಿದ. ಪಂಜರದೊಳಗಿನ ನೀಲಿ ಹಕ್ಕಿ ಒಂದು ಕಾಲನ್ನು ಹೊಟ್ಟೆಯೊಳಗೆ ಮಡಚಿಕೊಂಡು ಕಣ್ಣು ಮುಚ್ಚಿತು. ಒಡೆಯ ಕಣ್ಣಲ್ಲೇ ಇನ್ನೊಂದು ಪಂಜರ ತೋರಿಸಿದ. ಅದರಿಂದಲೂ ಬರಲಿಲ್ಲ. ಜಾಗಟೆಯವನು ಕೋಲು ಎತ್ತಿದವನು ಹಾಗೇ ನಿಂತಿದ್ದ. ಅವನಿಗೆ ಯಾರ ಮೇಲೂ ಪ್ರೀತಿಯಿಲ್ಲ, ಯಾರ ಮೇಲೂ ಹಗೆಯಿಲ್ಲ. ಕಟ್ಟಳೆಯೊಂದೇ ಅವನಿಗೆ ಗೊತ್ತಿದ್ದದ್ದು. ಕಡೆಗೆ ಅವನು ಜಾಗಟೆ ಬಾರಿಸಿ, ಹಿರಿಯನ ಮುಖ ನೋಡದೆ ಕೂಗಿದ.

"ಕೂರಲಿಲ್ಲ."

ಮದ್ದು ಕೊಡುವವನು ಹತ್ತಿದ. ಕೂರಲಿಲ್ಲ. ಅಂಗಡಿಯವನು ಹತ್ತಿದ. ಕೂರಲಿಲ್ಲ. ಆಗರದವರು, ದೋಣಿಯವರು, ಹಂಚು ಸುಡುವವರು, ಅತ್ತೆಯರು, ಸೊಸೆಯರು, ಹೊಸದಾಗಿ ದೊಡ್ಡವರಾದವರು ಒಬ್ಬೊಬ್ಬರೇ ಹತ್ತಿ, ಕೈ ಚಾಚಿ, ಇಳಿದರು. ಕೂರಲಿಲ್ಲ, ಕೂರಲಿಲ್ಲ, ಕೂರಲಿಲ್ಲ. ಕೆಲವರು ಅತ್ತರು. ಒಬ್ಬ ಹಕ್ಕಿಯನ್ನು ಹೆಸರು ಹಿಡಿದು ಕರೆಯಲು ಹೋಗಿ, ಅದರ ಹೆಸರು ಗೊತ್ತಿಲ್ಲದೆ ತಡವರಿಸಿದ. ಗೋಡೆಗುಂಟ ನಿಂತ ಪರವೂರಿನವರಲ್ಲಿ ಮೊದಲು ನಗು ಎದ್ದಿತು, ಆಮೇಲೆ ಬೇಸರ. ಕೊನೆಗೆ ಒಡೆಯನೇ ಕಟ್ಟೆ ಹತ್ತಿದ. ತಾನು ಕೈಯಾರೆ ಬಾದಾಮಿ ತಿನ್ನಿಸಿದ್ದ ಬೆಂಕಿಯ ಬಣ್ಣದ ಹಕ್ಕಿಯ ಪಂಜರವನ್ನೇ ತೆರೆಸಿದ. ಹಕ್ಕಿ ಅವನನ್ನು ಒಂದು ಕಣ್ಣಿನಿಂದ ನೋಡಿ, ತಲೆಯನ್ನು ಬೆನ್ನಿನ ಗರಿಯೊಳಗೆ ಹುದುಗಿಸಿಕೊಂಡಿತು.

"ಕೂರಲಿಲ್ಲ," ಎಂದ ಜಾಗಟೆಯವನು. ಅವನ ದನಿ ಆಗಲೇ ಒಡೆದಿತ್ತು.

ಒಡೆಯ ಬಗ್ಗಿ ಪಂಜರದೊಳಗಿನ ತಟ್ಟೆ ನೋಡಿದ. ತಟ್ಟೆಯಲ್ಲಿ ಸಿಪ್ಪೆ. ಪಕ್ಕದ ಪಂಜರ ನೋಡಿದ. ಅಲ್ಲೂ ಸಿಪ್ಪೆ. ಅವನು ನೆಟ್ಟಗೆ ನಿಂತು ಕಾಳಿನವಳ ಕಡೆ ತಿರುಗಿದ. ಇಡೀ ಊರು ತಿರುಗಿತು.

"ಹೌದು, ನಾನೇ ಹಾಕಿದೆ," ಎಂದಳು ಕಾಳಿನವಳು. "ಹೊಟ್ಟೆ ತುಂಬ ಹಾಕಿದೆ. ಇಷ್ಟು ವರ್ಷ ಅವು ನಮ್ಮ ಸತ್ಯ ನೋಡಿ ಬರ್ತಿರಲಿಲ್ಲ. ಹಸಿದು ಬರ್ತಿದ್ದವು."

ಜನರಲ್ಲಿ ಗುಜುಗುಜು ಎದ್ದಿತು. ಇವಳು ಊರಿನ ಮಾತನ್ನೇ ಕೊಂದಳು ಎಂದರು ಕೆಲವರು. ಊರ ಹಿರಿಯ ಮುಂದೆ ಬಂದು, ಇಂಥವಳಿಗೆ ಈ ಊರಿನಲ್ಲಿ ಜಾಗವಿಲ್ಲ, ಇವತ್ತೇ ಇವಳನ್ನು ದೋಣಿ ಹತ್ತಿಸಿ ಎಂದ. ಜಾಗಟೆಯವನು ತಟ್ಟನೆ ಜಾಗಟೆ ಬಾರಿಸಿದ. ಎಲ್ಲರೂ ಬೆಚ್ಚಿ ನೋಡಿದರು.

"ಹಿರಿಯರೇ, ನಿಮ್ಮ ಮಾತು ನಿಲ್ಲೋದಿಲ್ಲ," ಎಂದ ಅವನು. "ನಿಮಗೂ ಕೂರಲಿಲ್ಲ."

ಅವನು ಧೈರ್ಯದಿಂದ ಹೇಳಿದ್ದಲ್ಲ. ಕಟ್ಟಳೆ ಹಾಗಿತ್ತು, ಹೇಳಿದ. ಬೇರೆ ಯಾರಾದರೂ ಹೇಳಲಿ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಶಿಕ್ಷೆ ಹೇಳಬಲ್ಲ ಬಾಯಿ ಊರಿನಲ್ಲಿ ಒಂದೂ ಉಳಿದಿರಲಿಲ್ಲ.

ಒಡೆಯ ಮಾತ್ರ ಮೆತ್ತಗಿನ ದನಿ ಬಿಡಲಿಲ್ಲ. ಗಾಬರಿ ಬೇಡ, ಹಬ್ಬವನ್ನು ಸ್ವಲ್ಪ ಮುಂದಕ್ಕೆ ಹಾಕೋಣ, ಹಕ್ಕಿಗಳು ಮತ್ತೆ ಹಸಿಯಲಿ, ಆಗ ಎಲ್ಲ ಸರಿಹೋಗುತ್ತದೆ ಎಂದ. ಹೇಳಿ ಮುಗಿಸಿದಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು. ಜನರಿಗೂ ಕೇಳಿಸಿತು. ಹಂಚು ಸುಡುವವಳೊಬ್ಬಳು ಪಕ್ಕದವಳನ್ನು, "ಹಸಿದರೆ ಬರ್ತಾವಂತಾ?" ಎಂದು ಮೆಲ್ಲಗೆ ಕೇಳಿದಳು.

ಒಡೆಯ ಕಣಜದ ಕಡೆ ನಡೆದು, ಹಿಂದೆಯೇ ಬಂದ ಕಾಳಿನವಳ ಮುಂದೆ ಕೈ ನೀಡಿ ಬೀಗದ ಕೈ ಕೇಳಿದ. ಅವಳು ಕಣಜದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕೊಡೋದಿಲ್ಲ," ಎಂದಳು. "ನಿಮ್ಮ ಮಾತಿಗೆ ನಾನು ಕೊಡೋ ಹಾಗಿಲ್ಲ, ಅದು ನಿಲ್ಲೋದಿಲ್ಲ. ಬೇಕಾದರೆ ಕೈಯಿಂದ ಕಿತ್ತುಕೊಳ್ಳಿ. ಊರು ನೋಡ್ತಾ ಇದೆ."

ಒಡೆಯನ ಕೈ ಮುಂದೆ ಬಂತು. ಬಂದು, ಅಷ್ಟು ಜನರ ಕಣ್ಣೆದುರಿಗೆ, ನಡುವೆಯೇ ನಿಂತಿತು. ಇಡೀ ಆಯುಷ್ಯ ಅವನು ಯಾರಿಂದಲೂ ಏನನ್ನೂ ಕೈಯಾರೆ ಕಿತ್ತುಕೊಂಡಿರಲಿಲ್ಲ. ಅವನಿಗೆ ಹಕ್ಕಿಗಳಿದ್ದವು.

ಆಗ ಯಾರೋ, ಇವಳಿಗೆ ಹಕ್ಕಿ ಕೂರುತ್ತದೋ ನೋಡೋಣ, ಕೂತರೆ ಇವಳ ಮಾತೇ ನಿಲ್ಲಲಿ ಎಂದು ಕೂಗಿದರು. ಕಾಳಿನವಳು ತಾನೇ ಕಟ್ಟೆ ಹತ್ತಿ, ಬುಟ್ಟಿಯಿಂದ ಕಾಳು ತೆಗೆದು, ಕೈ ಚಾಚಿದಳು. ಹಕ್ಕಿಗಳಿಗೆ ಅವಳ ಕಡೆ ನೋಡುವ ಅಗತ್ಯವೂ ಕಾಣಲಿಲ್ಲ. ಒಂದು ಇನ್ನೊಂದರ ಕೊರಳ ಗರಿ ಬಿಡಿಸುತ್ತಿತ್ತು.

"ನನ್ನನ್ನೂ ಸೇರಿಸಿ ಕೂಗಣ್ಣ," ಎಂದಳು ಅವಳು.

"ಕೂರಲಿಲ್ಲ," ಎಂದು ಜಾಗಟೆಯವನು ಕೂಗಿದ.

ಗುಂಪಿನ ಹಿಂದಿನಿಂದ ಉಪ್ಪು ಹೊರುವವಳು ಬಂದಳು. ಒಂದು ವರ್ಷ ಯಾರೂ ಕಿವಿಗೊಡದ ದನಿ ಅವಳದು. ಅವಳು ಹೇಳಿದ್ದು ಹಿಂದೆ ಹೇಳಿದ್ದನ್ನೇ. ಕಾಲುವೆಯ ಮೇಲ್ಗಡೆ, ಬಂಡೆಯ ತಿರುವಿನಲ್ಲಿ, ಹಲಗೆ ಇಟ್ಟಿದ್ದಾರೆ. ಒಬ್ಬ ರೂಢಿಯಂತೆ ಸೆರಗು ಸರಿಮಾಡುವವರ ಕಡೆ ತಿರುಗಿ, ಇವಳ ಮಾತು ನಿಲ್ಲೋದಿಲ್ಲ ಎಂದ. "ನಿನ್ನದೂ ನಿಲ್ಲೋದಿಲ್ಲಪ್ಪ," ಎಂದಳು ಅವಳು. "ಯಾರದೂ ನಿಲ್ಲೋದಿಲ್ಲ. ಅದಕ್ಕೇ ನಂಬಿ ಅಂತ ನಾನು ಹೇಳ್ತಾ ಇಲ್ಲ. ಬನ್ನಿ, ನೋಡಿ."

ಬೇರೆ ದಾರಿಯಿರಲಿಲ್ಲ. ಊರು ಹೊರಟಿತು. ಹಿರಿಯನೂ ಹೊರಟ, ಮದ್ದಿನವನೂ ಹೊರಟ, ಪರವೂರಿನವರೂ ಹಿಂದೆ ಹೊರಟರು. ಬಂಡೆಯ ತಿರುವಿನಲ್ಲಿ ಪಾಚಿ ಹಿಡಿದ ಹಲಗೆ ಇತ್ತು. ಅದರ ಒಂದು ಕಡೆ ನೀರು ತುಂಬಿ ತೋಟದ ಕಡೆ ಹರಿಯುತ್ತಿತ್ತು, ಇನ್ನೊಂದು ಕಡೆ ಕಾಲುವೆ ಬಿರುಕು ಬಿಟ್ಟು ಒಣಗಿತ್ತು. ಆಗರದ ಕೇರಿಯ ಹೆಂಗಸರು ಇಳಿದು ಹಲಗೆಯನ್ನು ಅಲ್ಲಾಡಿಸಿ ಕಿತ್ತರು. ನೀರು ಒಣ ಕಾಲುವೆಯೊಳಗೆ, ದಾರಿ ಮರೆತದ್ದರಂತೆ, ತಡೆದು ತಡೆದು ಇಳಿಯಿತು.

ಅಲ್ಲಿಂದ ಜನ ತಾವಾಗಿಯೇ ತೋಟದ ಹಿಂಭಾಗಕ್ಕೆ ಬಂದರು. ಚಾಪೆ ಕಿತ್ತ ಪಂಜರಗಳ ಮುಂದೆ ನಿಂತರು. ಗರಿಯಿಲ್ಲದ ಹಕ್ಕಿ ಹೊಟ್ಟೆ ತುಂಬಿದ್ದರೂ ಕಂಬಿ ಹತ್ತಿ ಇಳಿಯುತ್ತಲೇ ಇತ್ತು. ಹಿಂದೊಮ್ಮೆ ಹಕ್ಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿತ್ರ ಬರೆಸಿಕೊಂಡಿದ್ದ ಪರವೂರಿನ ಹೆಂಗಸೊಬ್ಬಳು, ಇದು ಅದೇ ಹಕ್ಕಿಯಾ ಎಂದು ಕೇಳಿದಳು. ಇರಬಹುದು ಎಂದಳು ಕಾಳಿನವಳು. ಆ ಹೆಂಗಸು ತನ್ನ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಒಡೆಯ ಕೆಲವು ದಿನ ಊರಿನಲ್ಲಿದ್ದ. ಹಕ್ಕಿ ಬರದ ತೋಟಕ್ಕೆ ಜನ ಬರುವುದಿಲ್ಲ, ದೋಣಿಗಳು ನಿಲ್ಲುತ್ತವೆ, ನೀವೇ ಬಂದು ನನ್ನನ್ನು ಕರೆಯುತ್ತೀರಿ ಎಂದು ಮನೆಮನೆಗೆ ಹೇಳಿ ನೋಡಿದ. ಜನ ಕೇಳಿದರು, ಸುಳ್ಳೆನ್ನಲಿಲ್ಲ, ನಿಜವೆನ್ನಲೂ ಇಲ್ಲ. ಒಂದು ಬೆಳಿಗ್ಗೆ ಅವನು ಉಪ್ಪಿನ ದೋಣಿ ಹತ್ತಿ ಹೋದ. ಬೇರೆ ಊರುಗಳಿಗೆ ಇಂಥ ತೋಟ ಬೇಕಾಗಿದೆ ಎಂದು ಅಂಬಿಗನ ಜೊತೆ ಮಾತಾಡುತ್ತ ಹೋದನಂತೆ.

ಕಾಳಿನವಳು ತೋಟ ಬಿಡಲಿಲ್ಲ. ಬೆಳಿಗ್ಗೆ ಕಾಳು, ಸಂಜೆ ಹಣ್ಣು. ರೆಕ್ಕೆಯ ಗರಿ ಕತ್ತರಿಸುವ ಕತ್ತರಿಯನ್ನು ಬಾವಿಗೆ ಎಸೆದಳು. ದೋಣಿಗಳಲ್ಲಿ ಬಂದವರು ಕಾಳು ಕೇಳಿದರೆ ಇಲ್ಲ ಎಂದಳು. ನಿಂತು ನೋಡಬಹುದು, ಕೈ ಬೆನ್ನ ಹಿಂದಿರಲಿ ಎಂದಳು. ಅನೇಕರು ಜಗಳ ತೆಗೆದರು. ಇಷ್ಟು ದೂರ ಬಂದದ್ದು ದಂಡವಾಯಿತು ಎಂದವರಿಗೆ ಅವಳು ಕ್ಷಮೆ ಕೇಳಲಿಲ್ಲ. ಕೆಲವರು ನಿಂತರು. ನಿಂತವರಲ್ಲಿ ಕೆಲವರು ಸಂಜೆಯವರೆಗೂ ನಿಂತು, ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ಬಾರದೆ ನಕ್ಕು ಹೋದರು.

ಗರಿ ಉದುರುವ ಕಾಲ ಬಂದು, ಹೊಸ ಗರಿ ಮೂಡುವ ಕಾಲ ಬಂತು. ಊರಿನವರು ಏಣಿ ತಂದು ಬಲೆ ಇಳಿಸಿದರು. ನೀಲಿಯವು ಮೊದಲು ಗೋಡೆಯ ಮೇಲೆ ಹತ್ತಿ ಕೂತವು. ಆಮೇಲೊಂದು ದಿನ ಬೆಂಕಿಯ ಬಣ್ಣದ ಜೋಡಿಯೊಂದು ಆಗರದ ಮೇಲೆ, ಬಿಳಿ ಬಯಲಿನ ಮೇಲೆ, ಯಾರ ಕಡೆಗೂ ಅಲ್ಲದೆ ಹಾರಿತು. ಉಪ್ಪು ಎಳೆಯುತ್ತಿದ್ದವರು ಸಲಿಕೆ ಊರಿ ತಲೆ ಎತ್ತಿದರು. ಕೆಲವು ಹಕ್ಕಿಗಳು ಹೋದವು, ತಿರುಗಿ ಬರಲಿಲ್ಲ. ಅವು ದ್ವೀಪ ಮುಟ್ಟಿದವೋ ಇಲ್ಲವೋ ಕಾಳಿನವಳಿಗೆ ಗೊತ್ತಾಗಲಿಲ್ಲ, ಗೊತ್ತಿದೆಯೆಂದು ಅವಳು ಯಾರಿಗೂ ಹೇಳಲಿಲ್ಲ. ಬಹಳಷ್ಟು ಹಕ್ಕಿಗಳು ಸಂಜೆಗೆ ಮರಳಿ ಬರುತ್ತಿದ್ದವು. ಗರಿ ಕಿತ್ತುಕೊಂಡವಕ್ಕೆ ಗರಿ ಬರಲೇ ಇಲ್ಲ. ಅವನ್ನು ಅವಳು ಬಿಸಿಲು ಬೀಳುವ ಕಡೆ ಇರಿಸಿದಳು.

ಆದರೆ ಊರಿಗೆ ನೆಮ್ಮದಿಯಿರಲಿಲ್ಲ. ಒಬ್ಬನ ದೋಣಿ ಇನ್ನೊಬ್ಬನ ಬಲೆ ಹರಿದರೆ ಇಬ್ಬರೂ ತಾವು ಹೇಳಿದ್ದೇ ನಿಜವೆನ್ನುತ್ತಿದ್ದರು. ಯಾರನ್ನು ನಂಬುವುದು? ಹೋಗಿ ನೋಡಬೇಕು, ಕೇಳಬೇಕು, ಮತ್ತೆ ಕೇಳಬೇಕು. ಅದು ದಣಿವಿನ ಕೆಲಸ. ಹಿರಿಯರು ಕೂಡಿ ಒಂದು ಉಪಾಯ ಮಾಡಿದರು. ಬಡಗಿಗೆ ಹೇಳಿ ತೇಗದ ಕುರ್ಚಿಯೊಂದನ್ನು ಮಾಡಿಸಿ, ತೋಳಿಗೆ ಹಕ್ಕಿಯ ಚಿತ್ತಾರ ಕೆತ್ತಿಸಿ, ಮೆರವಣಿಗೆಯಲ್ಲಿ ತೋಟದ ಬಾಗಿಲಿಗೆ ತಂದಿಟ್ಟರು. ಊರ ಹಿರಿಯ ಕೈಮುಗಿದ.

"ಅವ್ವ, ಇದರ ಮೇಲೆ ಕೂತುಕೋ," ಎಂದ. "ನೀನು ಯಾರ ಮಾತು ನಿಜ ಅಂತೀಯೋ ಅವರ ಮಾತು ಊರಲ್ಲಿ ನಿಲ್ಲಲಿ. ನಿನಗಿಂತ ಸತ್ಯದವರು ನಮಗೆ ಯಾರು ಸಿಗ್ತಾರೆ?"

ಅವನ ಮಾತಿನಲ್ಲಿ ಮೋಸವಿರಲಿಲ್ಲ. ಅದರಿಂದ ಅವಳಿಗೆ ಇನ್ನೂ ಭಯವಾಯಿತು. ಅಷ್ಟು ಜನ ಕೈಮುಗಿದು ನಿಂತಿದ್ದರು. ಬೇಡುವ ಅಂಗೈಗಳೇ ಎಲ್ಲಿ ನೋಡಿದರೂ. ಒಂದು ಗಳಿಗೆ ಕುರ್ಚಿ ಅವಳಿಗೂ ಚೆಂದ ಕಂಡಿತು. ನಿಂತು ನಿಂತು ಕಾಲು ಸೋತಿದ್ದವು.

"ನನ್ನ ಹೊಟ್ಟೆ ಹಸಿದಾಗ ನಾನು ಯಾರ ಕಡೆ ಹೋಗ್ತೀನೋ ನನಗೇ ಗೊತ್ತಿಲ್ಲ, ಹಿರಿಯರೇ," ಎಂದಳು. "ನಿಮ್ಮ ಜಗಳ ನೀವೇ ಆಡಿ."

ಹೇಳಿ ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಹೊರಗೆ ಬಲೆ ಹರಿದುಹೋದವನ ದನಿ ಎದ್ದಿತು, ದೋಣಿಯವನದು ಎದ್ದಿತು, ನೀನು ಎಲ್ಲಿ ನಿಂತು ನೋಡಿದೆ ಎಂದು ಉಪ್ಪು ಹೊರುವವಳು ಕೇಳಿದ್ದು ಕೇಳಿಸಿತು, ಅದಕ್ಕೆ ಹತ್ತಾರು ಜನ ಒಟ್ಟಿಗೆ ಉತ್ತರ ಕೊಟ್ಟರು. ಬಿಸಿಲು ಇಳಿಯುವವರೆಗೂ ಬೀದಿಯಲ್ಲಿ ಆ ಗದ್ದಲ ನಡೆದೇ ಇತ್ತು. ಅದರ ಮೇಲೆ, ಆಗರದಿಂದ ಮರಳಿ ಬಂದ ಹಕ್ಕಿಗಳು ತಮ್ಮ ಗದ್ದಲ ಹಚ್ಚಿದವು.

ಮಾರನೆಯ ಬೆಳಿಗ್ಗೆ ಅವಳು ಬಾಗಿಲಿಗೆ ಬಂದು ನೋಡಿದಾಗ ಕುರ್ಚಿ ಇಟ್ಟಲ್ಲೇ ಇತ್ತು. ಯಾವುದೋ ಹಕ್ಕಿ ಅದರ ಚಿತ್ತಾರದ ತೋಳಿನ ಮೇಲೆ ಕೂತು, ಬೆಳ್ಳಗೆ ಹಿಕ್ಕೆ ಹಾಕಿ, ಹಾರಿಹೋಗಿತ್ತು. ಅದನ್ನು ಯಾರೂ ಒರೆಸಲಿಲ್ಲ.